ಜಗಲಿ ಪುಸ್ತಕ

ಧರ್ಮದ ಪಿರಿಯಡ್ ಅಂದರೆ ಮಕ್ಕಳ ಲೆಕ್ಕದಲ್ಲಿ ಬಿಟ್ಟಿ ಪಿರಿಯಡ್. ಬಳ್ಳಾರಿಯ ಶಾಲೆಯಲ್ಲಿ ಮೊದಲ ದಿನ ಒಂಬತ್ತನೇ ತರಗತಿಗೆ ಹೋದಾಗ ಅರ್ಧ ಮಕ್ಕಳು ಗಣಿತದ ಮನೆಗೆಲಸ ಬಿಚ್ಚಿಕೊಂಡು ಕೂತಿದ್ದರು. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಬರುವುದಿಲ್ಲ ಅಂದೆ. ಥ್ಯಾಂಕ್ಸ್ ಹೇಳಿ ಕೂತು ಮತ್ತೆ ಗಣಿತಕ್ಕೆ ಹತ್ತಿದ. ಸಿಟ್ಟು ಬರಬೇಕಿತ್ತು, ನಗು ಬಂತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಒಂದೇ ವಿದ್ಯಾಸಂಸ್ಥೆಯ ಮೂರು ಶಾಲೆಗಳು. ಸೋಮವಾರ, ಮಂಗಳವಾರ ಬಳ್ಳಾರಿ. ಬುಧವಾರ, ಗುರುವಾರ ಸಿರುಗುಪ್ಪ. ಶುಕ್ರವಾರ, ಶನಿವಾರ ಕುರುಗೋಡು. ಒಂದನೇ ತರಗತಿಯಿಂದ ಹತ್ತರವರೆಗೆ ಧರ್ಮ ಪರಿಚಯ ಹೇಳಿಕೊಡಲು ನಾನೊಬ್ಬಳೇ. ಬೆಳಿಗ್ಗೆ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಪುಕ್ಕಟೆ ಟಿಕೆಟ್ ಹರಿಸಿಕೊಂಡು ಕೂತರೆ, ಇಳಿಯುವ ಹೊತ್ತಿಗೆ ಆ ದಿನದ ಪಾಠ ತಲೆಯಲ್ಲಿ ಸಿದ್ಧವಾಗಿರುತ್ತಿತ್ತು.

ಈ ಕೆಲಸಕ್ಕೆ ನನ್ನನ್ನು ಕರೆದವರು ಸಿರುಗುಪ್ಪ ಶಾಲೆಯ ಹೆಡ್‌ಮಾಸ್ತರರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಗುರುಗಳು. ನನ್ನ ಅಕ್ಷರ ದುಂಡಗಾಗಿದ್ದರೆ ಅದು ಅವರ ಕೈಯ ಗುಣ. ನೋಟ್‌ಬುಕ್ಕಿನಿಂದ ಹಾಳೆ ಹರಿದರೆ ಮಾತ್ರ ಅವರಿಗೆ ಕೆಂಡದಂಥ ಕೋಪ ಬರುತ್ತಿತ್ತು. ಹುಡುಗರು ವಿಮಾನ ಮಾಡಲು ಹಾಳೆ ಹರಿದ ದಿನ ಅಂಗೈ ಮೇಲೆ ಸ್ಕೇಲಿನಿಂದ ಒಂದು ಏಟು ಕೊಟ್ಟು, "ಒಂದು ಹಾಳಿ ಹರದ್ರ ಎದುರಿನ ಹಾಳೀನೂ ಸಡಲಾಗ್ತೈತಿ, ಗೊತ್ತೈತಿಲ್ಲೊ?" ಅನ್ನುತ್ತಿದ್ದರು. ಇಷ್ಟು ವರ್ಷದ ಮೇಲೆ ಅವರು ಮನೆಗೇ ಬಂದು, ಈ ಕೆಲಸ ನಿನ್ನ ಕೈಯಿಂದಲೇ ಆಗಬೇಕು ಅಂದಾಗ ಕಾಲಿಗೆ ನಮಸ್ಕಾರ ಮಾಡಿ ಒಪ್ಪಿಕೊಂಡೆ.

ಸಂಸ್ಥೆ ಕೊಟ್ಟದ್ದು ಒಂದು ತೆಳು ಪುಸ್ತಿಕೆ. ಮೊದಲ ಪಾಠ: ದೇವರು ಎಲ್ಲೆಡೆ ಇದ್ದಾನೆ. ಓದಿಸುವುದು, ಬಾಯಿಪಾಠ ಮಾಡಿಸುವುದು, ಒಪ್ಪಿಸಿಕೊಳ್ಳುವುದು. ಒಂದು ತಿಂಗಳು ಹಾಗೇ ಮಾಡಿ ಸೋತೆ. ಕುರುಗೋಡಿನ ಒಂದನೇ ತರಗತಿಗೆ ಊಟದ ನಂತರದ ಪಿರಿಯಡ್. ದೇವರು ಎಲ್ಲೆಡೆ ಇದ್ದಾನೆ ಅನ್ನುವಷ್ಟರಲ್ಲಿ ಮಕ್ಕಳು ಎಲ್ಲೆಲ್ಲೋ ಹೋಗಿರುತ್ತಿದ್ದವು. ಒಂದು ದಿನ ಬೇಸತ್ತು, ಎಲ್ಲಿದ್ದಾನೆ ಹೇಳ್ರಿ ನೋಡೋಣ ಅಂದೆ. ಅರೆಗಣ್ಣಲ್ಲಿದ್ದ ಒಂದು ಪುಟ್ಟ ಹುಡುಗಿ ಹೇಳಿತು:

"ನಮ್ಮನಿ ಜಗಲಿ ಮ್ಯಾಲೆ ಡಬ್ಬ್ಯಾಗ ಅದಾನ್ರಿ. ಹಬ್ಬಕ್ಕ ತಗದು ಹುಣಸಿಹುಳಿ ಹಚ್ಚಿ ತೊಳೀತಾರ."

ಇಡೀ ತರಗತಿ ಎದ್ದು ಕೂತಿತು. ನಮ್ಮ ದೇವರು ಗೋಡೆಗೆ ನೇತುಬಿದ್ದಾನೆ, ನಮ್ಮ ದೇವರು ಅಜ್ಜನ ಕೊರಳಲ್ಲಿದ್ದಾನೆ, ನಮ್ಮದು ಬರೀ ಕಲ್ಲು, ನಮ್ಮನೆಯಲ್ಲಿ ಫೋಟೋ ಇಡಬಾರದು, ಒಂದರ ಮೇಲೊಂದು. ಬೇರೆ ಕಡೆಯವರಿಗೆ ಜಗಲಿ ಅಂದರೆ ಮನೆ ಮುಂದಿನ ಕಟ್ಟೆ. ನಮ್ಮ ಕಡೆ ಅದು ಮನೆಯೊಳಗೆ ದೇವರನ್ನು ಇಡುವ ಕಟ್ಟೆ. ಪುಸ್ತಿಕೆಯಲ್ಲಿ ಆ ಜಗಲಿಯ ಮಾತೇ ಇರಲಿಲ್ಲ.

ಮರುವಾರದಿಂದ ಪುಸ್ತಿಕೆಯನ್ನು ಚೀಲದಲ್ಲೇ ಬಿಟ್ಟೆ. ಪ್ರತಿ ಮಗುವಿಗೂ ನಡುವೆ ಪಿನ್ನು ಹೊಡೆದ ಒಂದು ಸಣ್ಣ ನೋಟ್‌ಬುಕ್. ಖಾಕಿ ರಟ್ಟಿನ ಹೊದಿಕೆ, ಮೇಲೆ ಹೆಸರಿಲ್ಲ, ರೋಲ್ ನಂಬರ್ ಮಾತ್ರ. ಮಕ್ಕಳೇ ಅದಕ್ಕೆ ಜಗಲಿ ಪುಸ್ತಕ ಅಂತ ಹೆಸರಿಟ್ಟರು. ಒಂದು, ಎರಡನೇ ತರಗತಿಯವರು ಮನೆಯ ಜಗಲಿಯ ಚಿತ್ರ ಬರೆಯಬೇಕು. ಐದರವರೆಗಿನವರು ಯಾರು ಏನು ಮಾಡುತ್ತಾರೆಂದು ಎರಡು ಸಾಲು. ಆರು, ಏಳರವರು ಒಂದು ಹಬ್ಬಕ್ಕೆ ಒಂದು ಪುಟ. ದೊಡ್ಡವರು ಕೊನೆಗೆ ಒಂದು ಪ್ರಶ್ನೆಯನ್ನೂ ಬರೆಯಬೇಕು. ಕಂಡದ್ದನ್ನು ಮಾತ್ರ ಬರೆಯಬೇಕು, ಯಾಕೆ ಅಂತ ಮನೆಯ ಹಿರಿಯರನ್ನು ಕೇಳಬೇಕು, ಅವರಿಗೂ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಬರೆಯಬೇಕು. ನಾನು ಕೆಂಪು ಶಾಯಿ ಮುಟ್ಟುವುದಿಲ್ಲ, ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಹಾಕುತ್ತೇನೆ. ಇದನ್ನು ನಾನೊಬ್ಬಳೇ ಓದುತ್ತೇನೆ, ಇನ್ನಾರಿಗೂ ತೋರಿಸುವುದಿಲ್ಲ. ಈ ಕೊನೆಯ ಮಾತನ್ನು ಮೂರೂ ಶಾಲೆಗಳಲ್ಲಿ, ಪ್ರತಿ ತರಗತಿಯಲ್ಲೂ ಹೇಳಿದೆ.

ಪುಸ್ತಕಗಳನ್ನು ಆಯಾ ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ. ತರಗತಿಯಲ್ಲಿ ಯಾರದೆಂದು ಹೇಳದೆ ಒಂದೊಂದು ವಿಷಯ ಎತ್ತುತ್ತಿದ್ದೆ. ಒಂದು ಮನೆಯಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಇನ್ನೊಂದರಲ್ಲಿ ಸುಡುತ್ತಾರೆ. ಒಂದು ಮನೆಯಲ್ಲಿ ಸೋಮವಾರ ಒಲೆ ಹಚ್ಚುವ ಮುಂಚೆ ಪೂಜೆ, ಇನ್ನೊಂದರಲ್ಲಿ ಭಾನುವಾರ ಚರ್ಚು. ಎಲ್ಲರ ಮನೆ ದೋಸೆಯೂ ತೂತೇ ಅಂತ ನಾನು ನಗಿಸಲು ಹೋದರೆ, ಹತ್ತನೇ ತರಗತಿಯ ಒಬ್ಬ, ನಮ್ಮ ಮನೆಯಲ್ಲಿ ಬರೀ ತೂತೇ ಇರೋದು, ದೋಸೆ ಇನ್ನೂ ಬಂದಿಲ್ಲ ಅಂದ. ಕೊಳಗಲ್ಲಿನಿಂದ ಬಳ್ಳಾರಿಗೆ ಬರುವ ಹುಡುಗಿಯೊಬ್ಬಳು ಒಂದು ಪ್ರಶ್ನೆ ಬರೆದಿದ್ದಳು: ಒಂದೇ ಬೆಂಚಿನಲ್ಲಿ ಕೂರುವ ನಮ್ಮನ್ನು ಸತ್ತ ಮೇಲೆ ಬೇರೆ ಬೇರೆ ಕಡೆ ಯಾಕೆ ಮಲಗಿಸುತ್ತಾರೆ? ನಾನು ಬೋರ್ಡಿನ ಮೇಲೆ "ಗೊತ್ತಿಲ್ಲ" ಅಂತ ಬರೆದೆ. ಅಂದಿನಿಂದ ಗಣಿತದ ಪುಸ್ತಕ ಬೆಂಚಿನ ಮೇಲೆ ಬರುವುದು ನಿಂತಿತು.

ಸಿರುಗುಪ್ಪ ಶಾಲೆಯ ಏಳನೇ ತರಗತಿಯಲ್ಲಿ ಸಿರಿಗೇರಿಯ ಒಬ್ಬ ಹುಡುಗಿಯಿದ್ದಳು. ಅಜ್ಜಿಯ ಮನೆಯಲ್ಲಿದ್ದು ಬಸ್ಸಿಗೆ ಬಂದು ಹೋಗುತ್ತಿದ್ದಳು. ಲಿಂಗ ಕಟ್ಟುವ ಮನೆತನ, ಊರಲ್ಲಿ ಹೆಸರುಳ್ಳವರು. ಧ್ವನಿ ಗಂಟೆಯ ಹಾಗಿದ್ದುದರಿಂದ ಶಾಲೆಯ ಪ್ರಾರ್ಥನೆಯನ್ನು ದಿನಾ ಅವಳೇ ಹೇಳಿಸುವಳು. ಉಳಿದ ಹೊತ್ತು ಮಾತೇ ಕಡಿಮೆ. ತಿಂಗಳಾದರೂ ಅವಳ ಪುಸ್ತಕದಲ್ಲಿ ಒಂದು ದೀಪದ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಒಂದು ದಿನ ಬೀರುವಿನ ಹತ್ತಿರ ಬಂದು ನಿಂತಳು.

"ಟೀಚರ್, ಖರೇನ ಬರೀಬೇಕೇನ್ರಿ?"

"ಹೂಂ, ಖರೇನ ಬರಿ."

"ನೀವೊಬ್ರೇ ಓದ್ತೀರಿ ಅಲ್ರಿ?"

"ನಾನೊಬ್ಬಾಕೀನ."

ಮರುವಾರ ಅವಳು ಒಂದು ಹಾಳೆಯ ಎರಡೂ ಬದಿ ತುಂಬಿಸಿದ್ದಳು. ಅವಳು ಕೂಸಾಗಿದ್ದಾಗ ಜ್ವರ ಬಂದು ಜೀವ ಹೋಗುವಂತಾಗಿತ್ತು. ಅಜ್ಜಿ ಊರ ಮೊಹರಂ ದೇವರಿಗೆ ಹರಕೆ ಹೊತ್ತಳು: ಉಳಿದರೆ ಹನ್ನೆರಡು ವರ್ಷ ಈ ಕೂಸನ್ನು ನಿನಗೆ ಫಕೀರ ಮಾಡುತ್ತೇನೆ. ಮಗು ಉಳಿಯಿತು. ಅಂದಿನಿಂದ ಪ್ರತಿ ಮೊಹರಮ್ಮಿಗೆ ಅವಳು ಕೊರಳಿಗೆ ಕೆಂಪು ದಾರ ಕಟ್ಟಿಕೊಂಡು ಐದು ಮನೆ ಭಿಕ್ಷೆ ಬೇಡುತ್ತಾಳೆ, ಆ ಹಿಟ್ಟು ಬೆಲ್ಲದಲ್ಲಿ ಅಜ್ಜಿ ಚೊಂಗೆ ಎಂಬ ಸಿಹಿ ರೊಟ್ಟಿ ಮಾಡಿ ಹಂಚುತ್ತಾಳೆ. ಇನ್ನು ಒಂದು ವರ್ಷ ಉಳಿದಿದೆ. ನಮ್ಮ ಕಡೆ ಇದು ಹೊಸದಲ್ಲ, ಎಷ್ಟೋ ಮನೆಗಳಲ್ಲಿ ಇದೆ. ಆದರೆ ಮನೆಯ ಮಾತು, ಊರ ಮುಂದೆ ವಾದ ಮಾಡುವಂಥದ್ದಲ್ಲ. ಕೊನೆಯಲ್ಲಿ ಅವಳು ಬರೆದಿದ್ದಳು: "ನನಗ ಜೀವ ಕೊಟ್ಟ ದೇವರು ನಮ್ಮ ಜಗಲಿ ಮ್ಯಾಲೆ ಇಲ್ಲ. ಆದರ ಅಜ್ಜಿ ದಿನಾ ಅವನ ಹೆಸರಿಗೂ ಒಂದು ಊದಿನಕಡ್ಡಿ ಹಚ್ಚತಾಳ."

ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗುರುತು ಹಾಕುವಾಗ ನನ್ನ ಕಣ್ಣು ತುಂಬಿತ್ತು. ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, ಮಧ್ಯಾಹ್ನ ಚಹಾ ಕುಡಿಯುತ್ತ ಹೆಡ್‌ಮಾಸ್ತರರ ಮುಂದೆ, ಏಳನೇ ತರಗತಿಯ ಒಂದು ಮಗು ಎಂಥ ಪುಟ ಬರೆದಿದೆ ಗೊತ್ತೇನ್ರಿ ಸಾರ್, ಅಂದೆ. ಹೆಸರು ಹೇಳಲಿಲ್ಲ, ಫಕೀರ ಮಾಡುವ ಮಾತು ಹೇಳಿದೆ. ಅವರು ಲೋಟ ಕೆಳಗಿಟ್ಟು ತಲೆ ಆಡಿಸಿದರು. ಶಿಷ್ಯೆಯ ಕೆಲಸಕ್ಕೆ ಮೆಚ್ಚಿದರು ಅಂದುಕೊಂಡೆ.

ಎರಡನೇ ತಪ್ಪು ಒಂದು ಗುರುವಾರ ಸಂಜೆ. ಬಸ್ಸಿಗೆ ಹೊರಟಿದ್ದವಳನ್ನು ಹೆಡ್‌ಮಾಸ್ತರರು ಕರೆದು, ಇಲಾಖೆಯವರು ತಪಾಸಣೆಗೆ ಬರುತ್ತಾರೆ, ನಿನ್ನ ಕೆಲಸ ತೋರಿಸಬೇಕು, ಬೀರುವಿನ ಕೀಲಿ ಕೊಟ್ಟು ಹೋಗು ಅಂದರು. ಮಕ್ಕಳಿಗೆ ಮಾತು ಕೊಟ್ಟಿದ್ದೇನೆ, ಹೊರಗಿನಿಂದ ಹೊದಿಕೆ ಮಾತ್ರ ತೋರಿಸಬಹುದೇ ಅಂತ ಕೇಳಿದೆ. ಅವರು ನಕ್ಕರು.

"ನಿನ್ನ ಉತ್ತರ ಪತ್ರಿಕೆ ತಿದ್ದಿದಾವ ನಾನು. ನನ್ನ ಮ್ಯಾಲೇ ಅನುಮಾನ ಏನವ್ವಾ?"

ಹಿರಿಯರ ಕೈಗೆ ಏನನ್ನಾದರೂ ಕೊಡುವಾಗ ಎರಡೂ ಕೈಯಲ್ಲಿ ಕೊಡಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ಕೀಲಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಮರುವಾರ ಬಂದು ಕೀಲಿ ವಾಪಸ್ ತೆಗೆದುಕೊಂಡು ನೋಡಿದರೆ ಪುಸ್ತಕಗಳು ಹೇಗಿದ್ದವೋ ಹಾಗೇ ಇದ್ದವು. ತರಗತಿವಾರು ಎಣಿಸಿದೆ, ಒಂದೂ ಕಮ್ಮಿಯಿಲ್ಲ. ನನ್ನ ಅನುಮಾನಕ್ಕೆ ನಾನೇ ನಾಚಿ ಬೀಗ ಹಾಕಿದೆ. ತಪಾಸಣೆ ಮುಂದಕ್ಕೆ ಹೋಯಿತಂತೆ.

ಆ ಭಾನುವಾರ ಮೂರೂ ಶಾಲೆಗಳ ಪೋಷಕರ ಸಭೆ, ಕುರುಗೋಡಿನ ಶಾಲೆಯ ಅಂಗಳದಲ್ಲಿ. ಶಾಮಿಯಾನದ ಕೆಳಗೆ ಕುರ್ಚಿಗಳು, ಹಿಂದೆ ಬಂಡೆಗಳ ಗುಡ್ಡ, ಹತ್ತು ಗಂಟೆಗೇ ಕಾಯುವ ಬಿಸಿಲು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದರು. ಸಂಸ್ಥೆಯ ಕಾರ್ಯದರ್ಶಿಗಳು ಮಾತಿಗೆ ನಿಂತರು. ನಮ್ಮ ಮನೆಗಳಲ್ಲಿ ಆಚಾರ ಕೆಟ್ಟಿದೆ, ಮಕ್ಕಳ ಬಾಯಿಂದಲೇ ಕೇಳಿ ಅಂದರು. ಜೇಬಿನಿಂದ ಮಡಿಚಿದ ಕಾಗದ ತೆಗೆದು ಓದತೊಡಗಿದರು. ಮೊದಲ ಸಾಲು ಕಿವಿಗೆ ಬಿದ್ದಾಗ ನನಗೆ ಅರ್ಥವಾಗಲಿಲ್ಲ. ಎರಡನೆಯ ಸಾಲಿಗೆ ಗುರುತು ಸಿಕ್ಕಿತು, ಸಿರಿಗೇರಿಯ ಹುಡುಗಿಯ ಪುಟ. ಜೆರಾಕ್ಸ್ ಮಾಡಿಸಿದ್ದಾರೆ ಅಂದುಕೊಂಡೆ. ಹೆಸರು ಹೇಳುವುದಿಲ್ಲ ಅಂದ ಅವರು ಸಿರಿಗೇರಿ ಕಡೆಯ ಮನೆ ಅಂತ ಮಾತ್ರ ಹೇಳಿದರು. ಅಷ್ಟು ಸಾಕಾಯಿತು. ಹೆಂಗಸರ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದ ಒಬ್ಬ ಅಜ್ಜಿಯ ಕಡೆಗೆ ಎಲ್ಲರ ತಲೆಗಳೂ ತಿರುಗಿದವು.

ಊದಿನಕಡ್ಡಿಯ ಸಾಲನ್ನು ಕಾರ್ಯದರ್ಶಿಗಳು ಎರಡು ಸಲ ಓದಿದರು. ಕೆಲವರು ನಕ್ಕರು. ಇನ್ನು ಮುಂದೆ ಇಂಥ ಮನೆಯ ಮಕ್ಕಳು ಪ್ರಾರ್ಥನೆ ಹೇಳಿಸುವಂತಿಲ್ಲ, ಆಚಾರ ತಿದ್ದಿಕೊಳ್ಳುತ್ತೇವೆಂದು ಪೋಷಕರು ಬರೆದುಕೊಡಬೇಕು, ಜಗಲಿ ಪುಸ್ತಕಗಳೆಲ್ಲ ಇನ್ನು ಕಚೇರಿಯಲ್ಲಿರುತ್ತವೆ ಅಂದರು. ಆಮೇಲೆ, ಇಷ್ಟೆಲ್ಲ ಮಾಹಿತಿ ಜಾಣತನದಿಂದ ತಂದುಕೊಟ್ಟ ನಮ್ಮ ಧರ್ಮದ ಟೀಚರಿಗೆ ಸನ್ಮಾನ ಅಂದರು.

ಶಾಲು ಹೊದಿಸಿದ್ದು ಹೆಡ್‌ಮಾಸ್ತರರು. ನಾನು ಎದ್ದು ನಿಂತದ್ದು ಮಾತಾಡಲಿಕ್ಕೆ. ಅಷ್ಟರಲ್ಲಿ ಶಾಲು ಹೆಗಲ ಮೇಲೆ ಬಿದ್ದಿತ್ತು. ಅವರು ಕಿವಿಯ ಹತ್ತಿರ ಬಗ್ಗಿ, ಸುಮ್ಮನಿರವ್ವ, ನಿನ್ನ ಕೆಲಸ ಕಾಯಂ ಆಗ್ತೈತಿ ಅಂದರು. ಮೈಕು ಎದುರಿಗೇ ಇತ್ತು, ಒಂದು ಹೆಜ್ಜೆ. ಆ ಹೆಜ್ಜೆ ಇಡಲಿಲ್ಲ. ಅಜ್ಜಿ ಎದ್ದು ಮೊಮ್ಮಗಳ ಕೈ ಹಿಡಿದು ಎರಡು ಸಾಲಿನ ನಡುವೆ ನಡೆದು ಹೊರಗೆ ಹೋದಳು. ಹುಡುಗಿ ಒಂದೇ ಸಲ ತಿರುಗಿ ನೋಡಿದಳು, ನನ್ನ ಮುಖವನ್ನಲ್ಲ, ಶಾಲನ್ನು.

ಎರಡು ದಿನ ಬಳ್ಳಾರಿಯ ಪಾಠಗಳನ್ನು ಹೇಗೆ ಮಾಡಿದೆನೋ ನೆನಪಿಲ್ಲ. ಬುಧವಾರ ಸಿರುಗುಪ್ಪದಲ್ಲಿ ಬಸ್ಸಿಳಿದವಳು ನೇರ ಹೆಡ್‌ಮಾಸ್ತರರ ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಕಾರ್ಯದರ್ಶಿಗಳು ಕೇಳಿದರು, ಕೊಟ್ಟೆ. ಮನೆಯ ಮಾತಲ್ಲ ಅದು, ಸಮಾಜದ ಮಾತು ಅಂದರು.

"ಮಕ್ಕಳಿಗೆ ನಾನು ಮಾತು ಕೊಟ್ಟಿದ್ದೆ ಸಾರ್."

"ಮಕ್ಕಳಿಗೆ ಕೊಟ್ಟ ಮಾತು ಮಾತಲ್ಲವ್ವ. ನಾಳಿಗಿ ಮರೀತಾವ."

ಹದಿಮೂರನೇ ವಯಸ್ಸಿನಲ್ಲಿ ಇವರು ಹೇಳಿದ ಒಂದೊಂದು ಮಾತನ್ನೂ ನಾನು ಮರೆತಿಲ್ಲ. ಮೂರೂ ಶಾಲೆಗಳ ಮೇಲ್ವಿಚಾರಕರಾಗಿ ಅವರ ನೇಮಕ ಆಗಿಹೋಗಿದೆ ಅನ್ನುವುದು ಅದೇ ದಿನ ಜವಾನನಿಂದ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಆ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ. ಅದು ಎದೆಗೆ ಹೇಗೆ ನಾಟುತ್ತದೆ ಅನ್ನುವುದು ಅಂದು ಗೊತ್ತಾಯಿತು. ಇಲ್ಲಿಯೂ ಅವರನ್ನು ಬಹುವಚನದಲ್ಲೇ ಬರೆಯುತ್ತಿದ್ದೇನೆ. ಅಭ್ಯಾಸ ಬಿಡುವುದು ಸುಲಭವಲ್ಲ.

ಅವರ ಕೋಣೆಯಿಂದ ಹೊರಗೆ ಬಂದು ವರಾಂಡದಲ್ಲಿ ನಿಂತೆ. ಕಚೇರಿಗೆ ಪುಸ್ತಕ ಒಪ್ಪಿಸಲು ನನಗೆ ತಿಂಗಳ ಕೊನೆಯವರೆಗೆ ಸಮಯವಿತ್ತು. ಜಗಳವಾಡಬಹುದಿತ್ತು, ದೂರು ಬರೆಯಬಹುದಿತ್ತು. ಅಷ್ಟರಲ್ಲಿ ಪುಸ್ತಕಗಳು ಹೋಗಿರುತ್ತಿದ್ದವು. ಹೋದ ಮಾತನ್ನು ತರಲಾಗುವುದಿಲ್ಲ, ಉಳಿದವನ್ನಾದರೂ ಅವರವರ ಮನೆಗೆ ಮುಟ್ಟಿಸಬೇಕು ಅಂತ ತೀರ್ಮಾನಿಸಿ ಬೀರು ತೆಗೆದೆ.

ಆ ದಿನವೂ ಮರುದಿನವೂ ಸಿರುಗುಪ್ಪದಲ್ಲಿ, ಆಮೇಲೆ ಕುರುಗೋಡಿನಲ್ಲಿ, ಕೊನೆಗೆ ಬಳ್ಳಾರಿಯಲ್ಲಿ, ಪ್ರತಿ ತರಗತಿಗೂ ಹೋಗಿ ರೋಲ್ ನಂಬರ್ ಕೂಗಿ ಪುಸ್ತಕ ಕೈಗೆ ಕೊಟ್ಟೆ. ಕೊಡುವ ಮುಂಚೆ ಎಲ್ಲ ಕಡೆಯೂ ಒಂದೇ ಮಾತು: ನಾನೊಬ್ಬಳೇ ಓದುತ್ತೇನೆ ಅಂದಿದ್ದೆ. ಬೇರೆಯವರೂ ಓದಿದರು. ಕೀಲಿ ಕೊಟ್ಟವಳು ನಾನು, ತಪ್ಪು ನನ್ನದು. ಇದನ್ನು ಮನೆಗೆ ಒಯ್ಯಿರಿ. ದೊಡ್ಡವರು ತಲೆ ತಗ್ಗಿಸಿ ತೆಗೆದುಕೊಂಡರು. ಕುರುಗೋಡಿನ ಪುಟ್ಟ ಹುಡುಗಿ ಮಾತ್ರ ಏನೂ ತಿಳಿಯದೆ, ಹಂಗಾರ ನಾಳೆಯಿಂದ ಜಗಲಿ ಬರೆಯುವುದಿಲ್ಲವೇ ಅಂತ ಕೇಳಿತು. ಇಲ್ಲ ಅಂದೆ. ಮಂಗಳವಾರ ಮಧ್ಯಾಹ್ನ ಬಳ್ಳಾರಿಯ ಬೀರು ಖಾಲಿಯಾದ ಹೊತ್ತಿಗೆ ಸುದ್ದಿ ಕಚೇರಿಗೆ ಮುಟ್ಟಿತ್ತು. ಶಾಲೆಗಳ ವಾಟ್ಸ್‌ಆ್ಯಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ಕೆಲಸದಿಂದ ತೆಗೆದದ್ದಕ್ಕೆ ನನಗೆ ಸಿಕ್ಕ ಆದೇಶ ಅದೊಂದೇ.

ಒಂದು ಪುಸ್ತಕ ಉಳಿದಿತ್ತು. ಸಿರಿಗೇರಿಯ ಹುಡುಗಿ ಸಭೆಯ ನಂತರ ಶಾಲೆಗೆ ಬಂದಿರಲಿಲ್ಲ. ಬುಧವಾರ ಯಾವತ್ತಿನಂತೆ ಸಿರುಗುಪ್ಪದ ಬಸ್ಸು ಹತ್ತಿ, ಸಿರಿಗೇರಿ ಕ್ರಾಸಿನಲ್ಲಿ ಇಳಿದೆ. ಮನೆ ಕೇಳಿದರೆ ಎಲ್ಲರಿಗೂ ಗೊತ್ತಿತ್ತು, ಈಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ಬಾಗಿಲಲ್ಲಿ ಬೈಗುಳ ಕಾದಿರುತ್ತದೆ ಅಂದುಕೊಂಡು ಹೋದೆ. ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಟೀಚರಮ್ಮ, ಒಳಗ ಬರ್ರಿ. ಬಿಸಲಾಗ ಬಂದೀರಿ."

ಚಾಪೆ ಹಾಸಿದಳು, ನೀರು ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಲೋಟವನ್ನು ಪಕ್ಕಕ್ಕಿಟ್ಟೆ. ಕೀಲಿಯ ಕಥೆಯನ್ನೆಲ್ಲ ಹೇಳಿದೆ. ಶಾಲು ಬಿದ್ದಾಗ ಸುಮ್ಮನೆ ನಿಂತದ್ದನ್ನೂ ಹೇಳಿದೆ. ಅಜ್ಜಿ ಕೇಳಿಸಿಕೊಂಡಳು. ಮೊಮ್ಮಗಳನ್ನು ಊರಿನ ಸರ್ಕಾರಿ ಶಾಲೆಗೆ ಹಾಕುತ್ತೇವೆ ಅಂದಳು. ಈ ವರ್ಷದ ಮೊಹರಂ ಬಗ್ಗೆ ಕೇಳಲು ನನಗೆ ಧೈರ್ಯವಿರಲಿಲ್ಲ. ಅವಳೇ ಹೇಳಿದಳು:

"ಹನ್ನೊಂದು ವರ್ಷ ಮಾಡೀನಿ, ಒಂದು ಉಳದೈತಿ. ಈಕಿ ದಾರ ಕಟಿಗೊಳ್ಳಾಕ ಒಲ್ಲೆ ಅಂತಾಳ. ದೇವರಿಗಿ ಏನಂತ ಹೇಳ್ಲಿ, ನೀವೇ ಹೇಳ್ರಿ."

ಧರ್ಮ ಕಲಿಸುವವಳು ನಾನು. ಗೊತ್ತಿಲ್ಲ ಅನ್ನುವ ಮಾತೂ ಬಾಯಿಗೆ ಬರಲಿಲ್ಲ.

ಅಜ್ಜಿ ಹುಡುಗಿಯನ್ನು ಕರೆದಳು. ಅವಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವಳು ತೆಗೆದುಕೊಂಡು ಬಿಚ್ಚಿದಳು. ದೀಪದ ಚಿತ್ರವಿದ್ದ ಹಾಳೆ ಸಡಿಲಾಗಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು, ಪಿನ್ನಿನ ಹತ್ತಿರ ಬೆರಳಿಟ್ಟು ಸವರಿ ನೋಡಿದಳು. ನಾನೂ ಆಗಲೇ ನೋಡಿದ್ದು. ಅವಳು ಬರೆದಿದ್ದ ಹಾಳೆ ಇರಲಿಲ್ಲ. ಕಾರ್ಯದರ್ಶಿಗಳು ಓದಿದ್ದು ಜೆರಾಕ್ಸ್ ಆಗಿರಲಿಲ್ಲ. ನಾನು ಆ ದಿನ ಪುಸ್ತಕ ಎಣಿಸಿದ್ದೆ, ಹಾಳೆ ಎಣಿಸಿರಲಿಲ್ಲ.

ಹುಡುಗಿ ದೀಪದ ಹಾಳೆಯನ್ನು ಒಳಗಿಟ್ಟು ಪುಸ್ತಕ ಮುಚ್ಚಿ ನನ್ನ ಮುಂದೆ ಚಾಪೆಯ ಮೇಲೆ ಇಟ್ಟಳು.

"ಇದು ನಂದಲ್ರಿ ಟೀಚರ್. ನಮ್ಮನ್ಯಾಗ ಏನೂ ಮಾಡಂಗಿಲ್ರಿ."

ಒಳಗೆ ಹೋದಳು. ಅಜ್ಜಿ ಮೆಣಸಿನಕಾಯಿಯ ಮೊರದ ಕಡೆಗೆ ನೋಡುತ್ತ ಕೂತಳು.

ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ಹೆಡ್‌ಮಾಸ್ತರರಿಗೆ ಫೋನ್ ಮಾಡಿದೆ. ಊಟ ಆಯಿತೇ ಅಂತ ಕೇಳಿದರು, ಯಾವಾಗಲೂ ಕೇಳುವ ಹಾಗೆ. ಆ ಮಗುವಿನ ಹಾಳೆ ಎಲ್ಲಿ ಅಂದೆ. ಅದು ಫೈಲಿನಲ್ಲಿ ಸೇರಿದೆ, ಒಂದು ಹಾಳೆಗೆ ಇಷ್ಟು ಯಾಕೆ ಅಂದರು. ತೆಗೆದವರು ಯಾರು ಅಂತ ಕೇಳಿದೆ. ಅವರ ಧ್ವನಿ, ಹೈಸ್ಕೂಲಿನಲ್ಲಿ ಕೇಳುತ್ತಿದ್ದಷ್ಟೇ ಮೆತ್ತಗೆ:

"ಹರದಿಲ್ಲವ್ವ. ಬ್ಲೇಡ್ ಹಚ್ಚಿ ನೀಟಾಗಿ ತಗದೀನಿ."

ನಮಸ್ಕಾರ ಹೇಳದೆ ನಾನು ಅವರ ಫೋನ್ ಇಟ್ಟದ್ದು ಅದೇ ಮೊದಲು.